ಗ್ರಂಥವನ್ನು ಓದುವ ಅಧಿಕಾರ: ಕ್ರೈಸ್ತ ಸಭೆಯಲ್ಲಿ ಸ್ತ್ರೀಯ ಪ್ರಶ್ನೆ ಮತ್ತು ಪಂಡಿತಾ ರಮಾಬಾಯಿ



ಕ್ರಿ.ಶ. 597ರಲ್ಲಿ ಸಂತ ಅಗಸ್ಟೀನನು ಇಂಗ್ಲೆಂಡಿನ ತೀರಕ್ಕೆ ಬಂದು ಕ್ಯಾಂಟರ್ಬರಿಯಲ್ಲಿ ನೆಲೆಸಿದಂದಿನಿಂದ ಆ ಊರಿನ ಪ್ರಧಾನ ಧರ್ಮಾಧ್ಯಕ್ಷಪೀಠವನ್ನು ಪುರುಷರೇ ಅಲಂಕರಿಸುತ್ತ ಬಂದಿದ್ದರು. 2025ರ ಅಕ್ಟೋಬರ್ 3ರಂದು ಆ ಪೀಠಕ್ಕೆ ಸಾರಾ ಮುಲ್ಲಲಿ ಎಂಬ ಮಹಿಳೆಯ ಹೆಸರು ಪ್ರಕಟವಾಯಿತು. ಗುರುದೀಕ್ಷೆಗೆ ಮುನ್ನ ರೋಗಿಗಳ ಶುಶ್ರೂಷೆಯನ್ನೇ ವೃತ್ತಿಯಾಗಿ ಕೈಕೊಂಡು, ಇಂಗ್ಲೆಂಡಿನ ಶುಶ್ರೂಷಕಿಯರ ಮುಖ್ಯಾಧಿಕಾರಿಯ ಪದವಿಯವರೆಗೆ ಏರಿದ್ದ ಈಕೆಯ ಆಯ್ಕೆಯನ್ನು ಒಂದು ಕಡೆಯವರು ಪವಿತ್ರಾತ್ಮನ ಕಾರ್ಯವೆಂದು ಸ್ತುತಿಸಿದರು. ಇನ್ನೊಂದು ಕಡೆಯವರು, ವಿಶೇಷವಾಗಿ ಆಫ್ರಿಕಾ ಖಂಡದ ಕೆಲವು ಆಂಗ್ಲಿಕನ್ ಸಭೆಗಳ ನಾಯಕರು, ತಮ್ಮ ಅಸಮ್ಮತಿಯನ್ನು ಮುಚ್ಚುಮರೆಯಿಲ್ಲದೆ ಸಾರಿದರು. ಒಂದೇ ಪ್ರಾರ್ಥನಾ ಪುಸ್ತಕವನ್ನು ಹಿಡಿದು, ಒಂದೇ ವಿಶ್ವಾಸಪ್ರಮಾಣವನ್ನು ಉಚ್ಚರಿಸಿ, ಒಂದೇ ಪಾತ್ರೆಯಲ್ಲಿ ಪಾನಮಾಡುವ ಜನರು ಒಂದು ಪ್ರಶ್ನೆಯ ವಿಷಯದಲ್ಲಿ ಇಷ್ಟು ದೂರ ಸರಿದು ನಿಲ್ಲುವರೆಂದರೆ ಆ ಪ್ರಶ್ನೆ ಸಾಮಾನ್ಯವಾದುದಾಗಿರಲಾರದು. ಅದನ್ನು ಕುರಿತು ಇಂದು ಒಂದಿಷ್ಟು ಸಾವಧಾನವಾಗಿ ವಿಚಾರಮಾಡಬೇಕೆಂಬುದು ನನ್ನ ಸಂಕಲ್ಪ.

ಇಂದಿನ ಚರ್ಚೆಯಲ್ಲಿ ಮುಖ್ಯವಾಗಿ ಎರಡು ಪಕ್ಷಗಳಿವೆ. ದೇವರು ಸ್ತ್ರೀಪುರುಷರಿಬ್ಬರನ್ನೂ ತನ್ನ ಸ್ವರೂಪದಲ್ಲಿಯೇ ಸೃಷ್ಟಿಸಿದನಾದುದರಿಂದ ಗೌರವದಲ್ಲಿ ಇಬ್ಬರೂ ಸಮಾನರು. ಆದರೆ ಮನೆಯಲ್ಲಿಯೂ ಸಭೆಯಲ್ಲಿಯೂ ಶಿರಸ್ಸಿನ ಸ್ಥಾನವನ್ನು ಆತನು ಪುರುಷನಿಗೆ ವಿಧಿಸಿದ್ದಾನೆ, ಬೋಧಿಸುವ ಹಾಗೂ ಆಳುವ ಹೊಣೆ ಪುರುಷನದು ಎಂಬುದು ಮೊದಲನೆಯ ಪಕ್ಷ. ಅಮೆರಿಕದಲ್ಲಿ 1987ರಲ್ಲಿ ಸಿದ್ಧವಾದ ಡ್ಯಾನ್ವರ್ಸ್ ಹೇಳಿಕೆ ಈ ಪಕ್ಷದ ಪ್ರಮಾಣಪತ್ರವೆನ್ನಬಹುದು. ವರಗಳನ್ನು ಹಂಚುವಾಗ ಪವಿತ್ರಾತ್ಮನು ಲಿಂಗಭೇದವನ್ನೆಣಿಸುವುದಿಲ್ಲ, ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಗಲಾತ್ಯದವರಿಗೆ ಪೌಲನು ಬರೆದ ಮಾತು ಸಭೆಯ ಆಡಳಿತಕ್ಕೂ ಅನ್ವಯಿಸಬೇಕು ಎಂಬುದು ಎರಡನೆಯ ಪಕ್ಷ. ಇವೆರಡಕ್ಕೂ ಹೊರಗಾಗಿ, ಗ್ರಂಥವೂ ಪರಂಪರೆಯೂ ಪುರುಷಾಧಿಪತ್ಯದಲ್ಲಿ ಇಷ್ಟು ಆಳವಾಗಿ ನೆನೆದಿರುವಾಗ ಸ್ತ್ರೀಗೆ ಅಲ್ಲಿ ನೆಲೆಯೇ ಇಲ್ಲವೆಂದು ಹೇಳಿ ಸಭೆಯನ್ನೇ ತ್ಯಜಿಸಿದ ಮೇರಿ ಡೇಲಿಯಂಥ ಚಿಂತಕಿಯರೂ ಉಂಟು.

ಈ ವಾದವಿವಾದಗಳು ನಮ್ಮ ನಾಡಿನ ಸಭೆಗಳ ಬಾಗಿಲಿಗೆ ಬಂದಾಗಲೆಲ್ಲ ಕೇಳಿಬರುವ ಮೊದಲ ಆಕ್ಷೇಪವೆಂದರೆ, ಇದು ಪಶ್ಚಿಮದಿಂದ ಬಂದ ಗಾಳಿ, ನಮ್ಮ ಹೆಣ್ಣುಮಕ್ಕಳಿಗೆ ಇದರ ಸೋಂಕು ಬೇಡ ಎಂಬುದು. ಈ ಆಕ್ಷೇಪವನ್ನು ನಾನು ಒಪ್ಪಲಾರೆ. ಪಶ್ಚಿಮದ ವಿಶ್ವವಿದ್ಯಾನಿಲಯಗಳಲ್ಲಿ ಸ್ತ್ರೀವಾದಿ ದೈವಶಾಸ್ತ್ರವೆಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ದಶಕಗಳ ಮುನ್ನವೇ ಈ ಪ್ರಶ್ನೆಯನ್ನು ಅದರ ಬುಡದಿಂದ ಎತ್ತಿ ಕೇಳಿದವರಲ್ಲಿ ಒಬ್ಬರು ನಮ್ಮ ಸಹ್ಯಾದ್ರಿಯ ಮಡಿಲಲ್ಲಿ, ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ ತಿಂಗಳಲ್ಲಿ ಜನಿಸಿದರು. ಅವರು ಪಂಡಿತಾ ರಮಾಬಾಯಿ. ಸಭೆಯಲ್ಲಿ ವೇದಿಕೆಯನ್ನು ಯಾರು ಏರಬೇಕೆಂಬುದು ಅನಂತರದ ಪ್ರಶ್ನೆ. ಗ್ರಂಥವನ್ನು ಯಾರು ಓದಬೇಕು, ಓದಿ ಯಾರು ಅರ್ಥ ಹೇಳಬೇಕು, ಹೇಳಿದ ಅರ್ಥಕ್ಕೆ ಯಾರು ಕಿವಿಗೊಡಬೇಕು ಎಂಬುದೇ ಮೂಲದ ಪ್ರಶ್ನೆಯೆಂದು ಅವರ ಜೀವನವು ನನಗೆ ತಿಳಿಸಿಕೊಟ್ಟಿದೆ. ನಮ್ಮ ಶಾಸ್ತ್ರಗಳು ಇದನ್ನು ಅಧಿಕಾರವೆಂಬ ಹೆಸರಿನಿಂದ ಬಲ್ಲವು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದ ಕಡೆಯವರು, ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಅವರ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೆ ಸಂಸ್ಕೃತವನ್ನು ಪಾಠಹೇಳುತ್ತಿದ್ದುದನ್ನು ಕಂಡ ಆ ವಿದ್ಯಾರ್ಥಿಗೆ, ಹೆಂಗಸೊಬ್ಬಳು ಶ್ಲೋಕವನ್ನು ತಪ್ಪಿಲ್ಲದೆ ಹೇಳಬಲ್ಲಳೆಂಬುದು ಜೀವನದ ದೊಡ್ಡ ವಿಸ್ಮಯವಾಯಿತು. ತನ್ನ ಹೆಂಡತಿಗೂ ವಿದ್ಯೆ ಕಲಿಸಬೇಕೆಂದು ಅವರು ಹೊರಟಾಗ ಮನೆಯವರೂ ಊರವರೂ ಅಡ್ಡಬಂದರು. ಕಡೆಗೆ ಅವರು ಬಾಲಿಕಾವಧು ಲಕ್ಷ್ಮೀಬಾಯಿಯನ್ನು ಕರೆದುಕೊಂಡು ಗಂಗಾಮೂಲದ ಅರಣ್ಯವನ್ನು ಹೊಕ್ಕು, ಅಲ್ಲೊಂದು ಆಶ್ರಮವನ್ನು ಕಟ್ಟಿ, ಆಕೆಗೆ ಕಾವ್ಯವನ್ನೂ ಪುರಾಣವನ್ನೂ ಬೋಧಿಸಿದರು. ಈ ಕಾರ್ಯ ಶಾಸ್ತ್ರವಿರುದ್ಧವೆಂಬ ದೂರು ಬಂದಾಗ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಗ್ರಂಥಗಳಿಂದಲೇ ಪ್ರಮಾಣಗಳನ್ನೆತ್ತಿ, ಸ್ತ್ರೀಗೆ ಸಂಸ್ಕೃತಾಧ್ಯಯನದ ಅಧಿಕಾರವುಂಟೆಂದು ಪ್ರತಿಪಾದಿಸಿದರು. ಪ್ರತಿಪಕ್ಷದ ಕೈಯಲ್ಲಿರುವ ಗ್ರಂಥವನ್ನೇ ತೆರೆದು ಉತ್ತರ ಕೊಡುವ ಈ ಧೀರಕ್ರಮವನ್ನು ಮಗಳು ತಂದೆಯಿಂದಲೇ ಕಲಿತಿರಬೇಕೆಂದು ನನಗೆ ತೋರುತ್ತದೆ.

ರಮಾಬಾಯಿಯವರು ಆರು ತಿಂಗಳ ಕೂಸಾಗಿದ್ದಾಗ ಸಂಸಾರವು ಗಂಗಾಮೂಲವನ್ನು ಬಿಟ್ಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ, ಕೂಸನ್ನು ಘಟ್ಟದಿಂದ ಇಳಿಸಿದರು. ಅಲ್ಲಿಂದ ಮುಂದೆ ತೀರ್ಥಯಾತ್ರೆಯೇ ಅವರ ಮನೆ, ಪುರಾಣಪ್ರವಚನವೇ ಜೀವನೋಪಾಯ. ಹಗಲೆಲ್ಲ ಗೃಹಕೃತ್ಯದಲ್ಲಿ ಮುಳುಗಿರುತ್ತಿದ್ದ ತಾಯಿ ಬೆಳಕು ಹರಿಯುವುದಕ್ಕೆ ಮುಂಚೆಯೇ ಮಗಳನ್ನೆಬ್ಬಿಸಿ, ನಿದ್ದೆಗಣ್ಣಿನ ಮಗುವನ್ನು ಮುದ್ದುಮಾತಿನಿಂದ ಎಚ್ಚರಿಸಿ, ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹದಿನೆಂಟು ಸಾವಿರ ಶ್ಲೋಕಗಳ ಭಾಗವತವನ್ನು ಕಂಠಸ್ಥ ಮಾಡಿಕೊಂಡದ್ದು ಈ ಬಗೆಯ ಪಾಠದಿಂದ. 1870ರ ದಶಕದ ಕ್ಷಾಮದಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ, 1878ರಲ್ಲಿ ಕಲಕತ್ತೆಯನ್ನು ಸೇರಿದ ಆ ಇಪ್ಪತ್ತರ ತರುಣಿಗೆ ಅಲ್ಲಿಯ ವಿದ್ವಾಂಸರು ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದಿತ್ತು ಗೌರವಿಸಿದರು. ವಿವಾಹವಾಗಿ ಎರಡು ವರ್ಷ ತುಂಬುವುದರೊಳಗೆ ವೈಧವ್ಯ ಪ್ರಾಪ್ತವಾಗಿ, ಎಳೆಯ ಮಗಳು ಮನೋರಮೆಯನ್ನೆತ್ತಿಕೊಂಡು, 1883ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು. ವೈದ್ಯವನ್ನು ಕಲಿತು ಬರಬೇಕೆಂಬ ಆಸೆಗೆ ಕಿವಿಯ ಮಾಂದ್ಯವು ಅಡ್ಡಬಂದಿತು. ಅದೇ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನೀ ಮಠದ ಆಶ್ರಯದಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಪಡೆದರು.

ಅವರು ಕ್ರಿಸ್ತನ ಕಡೆಗೆ ಒಲಿದದ್ದು ಹೇಗೆಂಬುದನ್ನು ಮುಂದೆ 1907ರಲ್ಲಿ ಪ್ರಕಟವಾದ ತಮ್ಮ ಸಾಕ್ಷ್ಯಗ್ರಂಥದಲ್ಲಿ ತಾವೇ ನಿರೂಪಿಸಿದ್ದಾರೆ. ಲಂಡನ್ನಿನ ಫುಲ್ಹಮ್ ಎಂಬಲ್ಲಿ, ಸಮಾಜವು ಪತಿತೆಯರೆಂದು ಕರೆದು ದೂರವಿಟ್ಟಿದ್ದ ಹೆಣ್ಣುಮಕ್ಕಳನ್ನು ಸನ್ಯಾಸಿನಿಯರು ತಮ್ಮೊಡನೆ ಇರಿಸಿಕೊಂಡು ಸಲಹುತ್ತಿದ್ದುದನ್ನು ಅವರು ಕಂಡರು. ಇಂಥವರ ಮೇಲೆ ನಿಮಗೇಕೆ ಇಷ್ಟು ಕರುಣೆ ಎಂದು ಕೇಳಿದಾಗ ಸಿಕ್ಕಿದ ಉತ್ತರ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ: ಬಾವಿಯ ಬಳಿ ಯೇಸುಸ್ವಾಮಿಯು ಸಮಾರ್ಯದ ಸ್ತ್ರೀಯೊಡನೆ ನಡೆಸಿದ ಸಂಭಾಷಣೆ. ನಡುಹಗಲಲ್ಲಿ ಒಬ್ಬಳೇ ನೀರಿಗೆ ಬಂದ ಪರಜಾತಿಯ ಹೆಂಗಸಿನೊಡನೆ, ದೇವರನ್ನು ಯಾವ ಬೆಟ್ಟದಲ್ಲಿ ಆರಾಧಿಸಬೇಕೆಂಬ ಗಹನವಾದ ಶಾಸ್ತ್ರವಿಚಾರವನ್ನು ಆತನು ಚರ್ಚಿಸಿದನಲ್ಲವೇ! ಶಿಷ್ಯರು ಹಿಂದಿರುಗಿ ಬಂದು ಆತನು ಒಬ್ಬ ಹೆಂಗಸಿನೊಡನೆ ಮಾತನಾಡುತ್ತಿದ್ದುದಕ್ಕೆ ಆಶ್ಚರ್ಯಪಟ್ಟರೆಂದು ಸುವಾರ್ತಿಕನು ಬರೆದಿದ್ದಾನೆ. ತಾವು ಓದಿದ ಶಾಸ್ತ್ರಗಳು ಪರಸ್ಪರ ಎಷ್ಟೇ ಭಿನ್ನವಾಗಿದ್ದರೂ ಸ್ತ್ರೀಜಾತಿಯೇ ಕೆಟ್ಟದ್ದು, ಪುರುಷನಿಗಿರುವಂತೆ ಅವಳಿಗೆ ಮೋಕ್ಷವಿಲ್ಲ ಎಂಬ ಒಂದು ಮಾತಿನಲ್ಲಿ ಮಾತ್ರ ಒಮ್ಮತದಿಂದಿದ್ದವು ಎಂದು ನೊಂದುಕೊಂಡಿದ್ದ ಆ ವಿದುಷಿಗೆ ಬಾವಿಕಟ್ಟೆಯ ಈ ಸಂವಾದವು ಎಂಥ ಬಾಗಿಲನ್ನು ತೆರೆದಿರಬೇಕು!

ಆ ಬಾಗಿಲಿನೊಳಗೆ ಹೋದ ಮೇಲೆ ಆದುದೇನು? ಚೆಲ್ಟೆನ್‌ಹ್ಯಾಮಿನ ಮಹಿಳಾ ವಿದ್ಯಾಲಯದಲ್ಲಿ, ಅದರ ಪ್ರಖ್ಯಾತ ಅಧ್ಯಕ್ಷಿಣಿ ಡೊರೋತಿಯಾ ಬೀಲ್ ಅವರ ಆದರದಲ್ಲಿ, ರಮಾಬಾಯಿಯವರು ವ್ಯಾಸಂಗ ಮಾಡುತ್ತ ಸಂಸ್ಕೃತವನ್ನು ಬೋಧಿಸುತ್ತಿದ್ದರು. ಭಾರತಕ್ಕೆ ಹೊರಟಿದ್ದ ತರುಣರಿಗೆ ಅವರಿಂದ ಭಾಷಾಪಾಠ ಹೇಳಿಸಬಹುದೆಂಬ ಸೂಚನೆ ಬಂದಿತು. ಒಡನೆಯೇ ಭಾರತದಲ್ಲಿ ಅಧಿಕಾರದಲ್ಲಿದ್ದ ಬಿಷಪ್ಪರ ಕಡೆಯಿಂದ ತೀವ್ರವಾದ ನಿಷೇಧ ಬಂದಿತು. ಲಾಹೋರಿನ ಬಿಷಪ್ ಫ್ರೆಂಚ್ ಅವರಲ್ಲಿ ಒಬ್ಬರು. ಹೆಂಗಸೊಬ್ಬಳು ಗಂಡಸರಿಗೆ ಪಾಠಹೇಳಿದರೆ ಭಾರತೀಯರ ದೃಷ್ಟಿಯಲ್ಲಿ ಆಕೆಯ ಗೌರವವೂ ಪ್ರಭಾವವೂ ಕುಂದುವುವೆಂಬುದು ಅವರ ಆತಂಕ. ಇದಕ್ಕೆ ರಮಾಬಾಯಿಯವರು ಬರೆದ ಉತ್ತರದ ತಾತ್ಪರ್ಯವನ್ನು ದಯಮಾಡಿ ಕೇಳಿರಿ: ನನ್ನ ತಾಯಿ ತರುಣರಿಗೆ ಪಾಠಹೇಳುವುದನ್ನು ನನ್ನ ತಂದೆ ಆಕ್ಷೇಪಿಸಲಿಲ್ಲ, ನಾನು ಹೇಳುವುದನ್ನು ನನ್ನ ಪತಿ ಆಕ್ಷೇಪಿಸಲಿಲ್ಲ, ಈಗ ಇಲ್ಲಿ ಆಕ್ಷೇಪ ಹುಟ್ಟಿರುವುದನ್ನು ಕಂಡು ನನಗೆ ಬೆರಗಾಗುತ್ತದೆ. ಭಾರತದ ಸಂಪ್ರದಾಯದ ಹೆಸರು ಹೇಳಿ ಬಿಷಪ್ಪರು ನಿಷೇಧಿಸಿದ್ದನ್ನು ಗಂಗಾಮೂಲದ ಬ್ರಾಹ್ಮಣನೊಬ್ಬನು ಅರ್ಧ ಶತಮಾನಕ್ಕೆ ಹತ್ತಿರವಾದ ಕಾಲದ ಹಿಂದೆಯೇ ಅಂಗೀಕರಿಸಿದ್ದನು. ಹೀಗಿರಲಾಗಿ, ಸ್ತ್ರೀಯ ಬೋಧನಾಧಿಕಾರವು ಪಶ್ಚಿಮದ ಆಮದು ಎಂಬ ಮಾತಿಗೆ ಎಲ್ಲಿದೆ ಆಧಾರ?

ವಿವಾದವು ಅಲ್ಲಿಗೇ ನಿಲ್ಲಲಿಲ್ಲ. ಬೈಬಲನ್ನು ತಾವೇ ಓದಿ, ತ್ರಯೈಕ್ಯದ ಸಿದ್ಧಾಂತವನ್ನೂ ಅಥನಾಸಿಯನ್ ವಿಶ್ವಾಸಪ್ರಮಾಣವನ್ನೂ ಕುರಿತು ತಮಗುಂಟಾದ ಸಂಶಯಗಳನ್ನು ಅವರು ಮರೆಮಾಚದೆ ಬರೆದರು. ಅವರ ಧರ್ಮಮಾತೆಯ ಸ್ಥಾನದಲ್ಲಿದ್ದ ಸಿಸ್ಟರ್ ಜೆರಾಲ್ಡೀನ್ ಅವರಿಗೆ ಇದು ವಿನಯದ ಅಭಾವವೆಂದು ಕಂಡಿತು. ಗರ್ವ, ಸ್ವೇಚ್ಛೆ ಎಂಬ ಶಬ್ದಗಳು ಆ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸಭೆಯ ಹಿರಿಯರು ಹೇಳಿದ್ದನ್ನು ಒಪ್ಪಿಕೊಳ್ಳಬೇಕೆಂಬ ಉಪದೇಶಕ್ಕೆ ರಮಾಬಾಯಿಯವರು ಕೊಟ್ಟ ಉತ್ತರವು, ಒಂದು ಪುರೋಹಿತವರ್ಗದ ನೊಗವನ್ನು ಬಹು ಕಷ್ಟದಿಂದ ಕಳಚಿಕೊಂಡು ಬಂದಿರುವ ತಾನು ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆನೆಂಬ ಅರ್ಥದ್ದು. ಸಿಸ್ಟರ್ ಜೆರಾಲ್ಡೀನ್ ಅವರ ಪ್ರೀತಿಯಲ್ಲಿ ಕಪಟವಿರಲಿಲ್ಲ. ಆ ಪತ್ರಗಳನ್ನು ಜೋಪಾನವಾಗಿ ಕೂಡಿಸಿಟ್ಟು ನಮಗೆ ಉಳಿಸಿಕೊಟ್ಟವರು ಅವರೇ. ಆದರೆ ಪ್ರೀತಿಸುವವರೇ ಪ್ರಶ್ನೆಯನ್ನು ಪಾಪವೆಂದು ಭಾವಿಸಿದಾಗ ಕೇಳುವವಳ ಸ್ಥಿತಿ ಎಷ್ಟು ಏಕಾಕಿಯಾದುದೆಂಬುದಕ್ಕೆ ಆ ಸಂಪುಟವು ಸಾಕ್ಷಿಯಾಗಿದೆ.

ಗರ್ವವೆಂಬ ಈ ಆರೋಪವೇ ನಮ್ಮನ್ನು ಇಂದಿನ ದೈವಶಾಸ್ತ್ರದ ಹೃದಯಕ್ಕೆ ಕೊಂಡೊಯ್ಯುತ್ತದೆ. 1960ರಲ್ಲಿ ವ್ಯಾಲೆರಿ ಸೇವಿಂಗ್ ಎಂಬ ಅಮೆರಿಕದ ವಿದುಷಿ ಒಂದು ಸಣ್ಣ ಪ್ರಬಂಧವನ್ನು ಬರೆದರು. ರೀನ್‌ಹೋಲ್ಡ್ ನೀಬುರ್ ಮೊದಲಾದ ಮಹಾಶಾಸ್ತ್ರಜ್ಞರು ಪಾಪದ ಮೂಲವನ್ನು ಅಹಂಕಾರದಲ್ಲಿಯೂ, ಪ್ರೇಮದ ಪರಾಕಾಷ್ಠೆಯನ್ನು ಆತ್ಮತ್ಯಾಗದಲ್ಲಿಯೂ ಕಂಡಿದ್ದರು. ಇದು ಅಧಿಕಾರದಲ್ಲಿ ಬೆಳೆದ ಪುರುಷನ ಅನುಭವವನ್ನು ನೋಡಿ ಮಾಡಿದ ನಿದಾನ, ಸಮಸ್ತ ಮಾನವರ ರೋಗಕ್ಕೂ ಇದೇ ನಿದಾನವಾಗಲಾರದು ಎಂಬುದು ಸೇವಿಂಗರ ವಾದ. ಬಾಲ್ಯದಿಂದ ತನ್ನತನವನ್ನು ಅಳಿಸಿಕೊಳ್ಳುವುದನ್ನೇ ಧರ್ಮವೆಂದು ಕಲಿತು, ಇತರರ ಬೇಡಿಕೆಗಳಲ್ಲಿ ಚೂರುಚೂರಾಗಿ ಹಂಚಿಹೋದ ಸ್ತ್ರೀಗೆ ಇರುವ ಶೋಧನೆ ಅಹಂಕಾರದ್ದಲ್ಲ, ಆತ್ಮಲೋಪದ್ದು. ಅವಳಿಗೆ ಇನ್ನಷ್ಟು ಆತ್ಮತ್ಯಾಗವನ್ನು ಬೋಧಿಸುವುದೆಂದರೆ ರೋಗವನ್ನೇ ಔಷಧವೆಂದು ಕೊಟ್ಟಂತೆ. ಕಳೆದ ಶತಮಾನದ ದೈವಶಾಸ್ತ್ರದಲ್ಲಿ ಇಷ್ಟು ಕಿರಿದಾಗಿ ಬರೆದು ಇಷ್ಟು ಹಿರಿದಾದ ಬದಲಾವಣೆಯನ್ನು ತಂದ ಲೇಖನ ವಿರಳವೆಂದು ನನ್ನ ಅಭಿಪ್ರಾಯ.

ಇದು ಕೇವಲ ಪಂಡಿತರ ಚರ್ಚೆಯೆಂದು ಯಾರೂ ಭಾವಿಸಬಾರದು. ಗಂಡನ ಏಟುಗಳನ್ನು ತಿಂದು ಸಭಾಪಾಲಕರ ಬಳಿಗೆ ಬಂದ ಹೆಣ್ಣುಮಗಳಿಗೆ, ತಾಳಿಕೋ ಅಮ್ಮಾ, ಶಿಲುಬೆಯನ್ನು ಹೊರುವವಳೇ ಕಿರೀಟವನ್ನು ಧರಿಸುವಳು, ಗಂಡನಿಗಾಗಿ ಪ್ರಾರ್ಥನೆಮಾಡು ಎಂದು ಹೇಳಿ ಕಳುಹಿಸುವ ಕ್ರಮವು ನಮ್ಮ ಊರುಗಳಲ್ಲಿ ಎಷ್ಟು ರೂಢಿಯದೆಂಬುದನ್ನು ಸಭೆಗಳ ಒಳಗಿನಿಂದ ಬಲ್ಲವರೆಲ್ಲ ಬಲ್ಲರು. ಹೇಳುವವರು ಕೆಟ್ಟವರಲ್ಲ, ಅವರ ಕೈಯಲ್ಲಿರುವ ಪಾಪಸಿದ್ಧಾಂತವು ಅಷ್ಟನ್ನೇ ಹೇಳಿಕೊಟ್ಟಿದೆ. ಬಹುಕಾಲ ದೇಶದ ಕಾನೂನೂ ಇದಕ್ಕೆ ಹೊಂದಿಕೊಂಡೇ ಇದ್ದಿತು. 1869ರ ಭಾರತೀಯ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಪತಿಗೆ ಪತ್ನಿಯ ವ್ಯಭಿಚಾರವೊಂದೇ ವಿಚ್ಛೇದನಕ್ಕೆ ಸಾಕಾಗುತ್ತಿತ್ತು. ಪತ್ನಿಗಾದರೋ ಪತಿಯ ವ್ಯಭಿಚಾರದೊಡನೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಅಂಥ ಇನ್ನೊಂದು ಅಪರಾಧವನ್ನೋ ಕೂಡಿಸಿ ರುಜುವಾತುಪಡಿಸಬೇಕಾಗಿತ್ತು. ಈ ತಾರತಮ್ಯವು ಶಾಸನದಿಂದ ಅಳಿದದ್ದು 2001ರಲ್ಲಿ. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನಿನಂತೆ, ಮೃತ್ಯುಪತ್ರವಿಲ್ಲದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗಳಿಗೆ ಸಲ್ಲುತ್ತಿದ್ದುದು ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಯಾವುದು ಕಡಮೆಯೋ ಅದು. ಮೇರಿ ರಾಯ್ ಎಂಬ ಶಿಕ್ಷಕಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1986ರಲ್ಲಿ ಸಮಪಾಲಿನ ತೀರ್ಪನ್ನು ತಂದಾಗ ಅವರನ್ನು ವಿರೋಧಿಸಿದವರಲ್ಲಿ ಸಭೆಯ ಗಣ್ಯರೂ ಇದ್ದರೆಂಬುದು ನಾವು ದುಃಖದಿಂದ ನೆನೆಯಬೇಕಾದ ಸಂಗತಿ.

ಇನ್ನು ಗ್ರಂಥದ ಮಾತಿಗೆ ಬರೋಣ. ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯವೂ, ಸ್ತ್ರೀಯು ಉಪದೇಶಮಾಡಬಾರದೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯವೂ ಹೇಳುತ್ತವೆಂಬುದು ನಿಜ. ನಿಷೇಧಪಕ್ಷದವರು ಇವನ್ನು ಹಿಡಿದು ನಿಲ್ಲುವುದು ದೈವವಾಕ್ಯದ ಮೇಲಿನ ಭಯಭಕ್ತಿಯಿಂದ. ಅವರನ್ನು ಸ್ತ್ರೀದ್ವೇಷಿಗಳೆಂದು ಒಟ್ಟಾಗಿ ಜರೆಯುವುದು ಅನ್ಯಾಯ. ತಿಮೊಥೆಯನ ಪತ್ರಿಕೆಯು ಆದಾಮ ಹವ್ವೆಯರ ಸೃಷ್ಟಿಕ್ರಮವನ್ನೇ ಕಾರಣವಾಗಿ ಕೊಡುವುದರಿಂದ ಈ ವಿಧಿ ಒಂದು ಊರಿಗೆ ಒಂದು ಕಾಲಕ್ಕೆ ಸೀಮಿತವಾದುದಲ್ಲವೆಂಬ ಅವರ ವಾದಕ್ಕೆ ತೂಕವುಂಟು. ಆದರೆ ಅದೇ ಅಧ್ಯಾಯವು ಸ್ತ್ರೀಯರು ಜಡೆ ಹೆಣೆದುಕೊಳ್ಳುವುದನ್ನೂ ಚಿನ್ನವನ್ನೂ ಮುತ್ತನ್ನೂ ಧರಿಸುವುದನ್ನೂ ಬೇಡವೆನ್ನುತ್ತದೆ. ಮಲ್ಲಿಗೆ ಮುಡಿದು, ಸರ ಬಳೆಗಳನ್ನು ತೊಟ್ಟು ಭಾನುವಾರದ ಆರಾಧನೆಗೆ ಬರುವ ನಮ್ಮ ತಾಯಂದಿರನ್ನು ಯಾವ ಸಭಾಪಾಲಕರೂ ಬಾಗಿಲಲ್ಲಿ ತಡೆಯುವುದಿಲ್ಲ. ಆ ಮಾತು ತಿಮೊಥೆಯನಿದ್ದ ಅಂದಿನ ಎಫೆಸದ ಪರಿಸ್ಥಿತಿಗೆ ಹೇಳಿದ್ದೆಂದು ಎಲ್ಲರೂ ವಿವೇಕದಿಂದ ಗ್ರಹಿಸುತ್ತಾರೆ. ಎರಡು ಮೂರು ವಾಕ್ಯಗಳಾಚೆಗೆ ಆ ವಿವೇಕವನ್ನು ನಿಲ್ಲಿಸಿಬಿಡುವುದಕ್ಕೆ ಸಮರ್ಪಕವಾದ ಕಾರಣವನ್ನು ಇದುವರೆಗೆ ಯಾರೂ ನನಗೆ ಹೇಳಿಲ್ಲ. ಕೊರಿಂಥದ ಪತ್ರಿಕೆಯಲ್ಲಿಯಂತೂ, ಸ್ತ್ರೀಯು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ತಲೆಯ ಮೇಲೆ ಮುಸುಕಿರಬೇಕೆಂದು ಪೌಲನು ಹನ್ನೊಂದನೆಯ ಅಧ್ಯಾಯದಲ್ಲಿ ನಿಯಮಿಸುತ್ತಾನೆ. ಬಾಯಿ ತೆರೆಯಲೇಬಾರದಾದವಳಿಗೆ ಪ್ರವಾದಿಸುವ ನಿಯಮವೇಕೆ?

ಓದುವವರ ಅಪೇಕ್ಷೆಯು ಓದಿನ ಮೇಲೆ ಎಂಥ ನೆರಳನ್ನು ಚೆಲ್ಲುವುದೆಂಬುದಕ್ಕೆ ಒಂದು ನಿದರ್ಶನ ಸಾಕು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ, ಅಪೊಸ್ತಲರಲ್ಲಿ ಪ್ರಸಿದ್ಧರಾದವರೆಂದು ಪೌಲನು ವಂದಿಸುವ ಇಬ್ಬರಲ್ಲಿ ಒಬ್ಬಳು ಯೂನ್ಯ. ನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ಯೋಹಾನ ಕ್ರಿಸೊಸ್ತೊಮನು, ಸ್ತ್ರೀಯರನ್ನು ಕುರಿತು ಕಟುವಾದ ಮಾತುಗಳನ್ನು ಬೇಕಾದಷ್ಟು ಆಡಿದವನಾದರೂ, ಅಪೊಸ್ತಲರೆನಿಸಿಕೊಳ್ಳಲು ಯೋಗ್ಯಳಾದ ಈ ಹೆಂಗಸಿನ ಜ್ಞಾನ ಎಷ್ಟು ದೊಡ್ಡದಾಗಿದ್ದಿರಬೇಕೆಂದು ಕೊಂಡಾಡಿದ್ದಾನೆ. ಮುಂದಿನ ಕಾಲದವರಿಗೆ ಇದು ಅಸಾಧ್ಯವೆಂದು ತೋರಿತು. ಅಪೊಸ್ತಲನಾದ ಮೇಲೆ ಗಂಡಸೇ ಆಗಿರಬೇಕೆಂದು ಭಾವಿಸಿ ಆಕೆಯನ್ನು ಪುರುಷನನ್ನಾಗಿ ಓದಿದರು. ವಿದ್ವಲ್ಲೋಕದಲ್ಲಿ ಪ್ರಮಾಣವೆನಿಸಿದ ನೆಸ್ಲೆಯ ಗ್ರೀಕ್ ಆವೃತ್ತಿಯಲ್ಲಿ 1927ರಿಂದ ಈ ಪುರುಷರೂಪವೇ ಅಚ್ಚಾಗಿ, 1998ರ ಮುದ್ರಣದಲ್ಲಿ ಮಾತ್ರ ಆಕೆಗೆ ತನ್ನ ಸ್ತ್ರೀತ್ವ ಮರಳಿ ದೊರೆಯಿತು. ಮಗ್ದಲದ ಮರಿಯಳಿಗೂ ಇಂಥದೇ ಅನ್ಯಾಯವಾಗಿದೆ. ಪುನರುತ್ಥಾನದ ವಾರ್ತೆಯನ್ನು ಮೊದಲು ಹೊತ್ತು ಸಾರಿದ ಆಕೆಯನ್ನು ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿಯು ತನ್ನ ಪ್ರಸಂಗವೊಂದರಲ್ಲಿ ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿಯೊಡನೆ ಒಂದಾಗಿಸಿದನು. ಸುವಾರ್ತೆಗಳಲ್ಲಿ ಇದಕ್ಕೆ ಆಧಾರವಿಲ್ಲ. ಆಕೆಯ ಸ್ಮರಣದಿನವಾದ ಜುಲೈ 22ನ್ನು ಅಪೊಸ್ತಲರ ದಿನಗಳ ಸಮಾನಕ್ಕೆ ಹಬ್ಬವನ್ನಾಗಿ ಪೋಪ್ ಫ್ರಾನ್ಸಿಸರು ಏರಿಸಿದ್ದು 2016ರಲ್ಲಿ.

ಆಚರಣೆಯ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ಯುದ್ಧಕಾಲದಲ್ಲಿ ಗುರುಗಳಿಲ್ಲದೆ ಸಂಸ್ಕಾರಗಳಿಂದ ವಂಚಿತರಾಗಿದ್ದ ಮಕಾವಿನ ಆಂಗ್ಲಿಕನರಿಗಾಗಿ 1944ರಲ್ಲಿ ಬಿಷಪ್ ಹಾಲ್ ಅವರು ಫ್ಲಾರೆನ್ಸ್ ಲೀ ಟಿಮ್-ಓಯ್ ಎಂಬ ಚೀನೀ ಮಹಿಳೆಗೆ ಗುರುದೀಕ್ಷೆಯನ್ನಿತ್ತರು. ಆಂಗ್ಲಿಕನ್ ಪರಂಪರೆಯಲ್ಲಿ ಈ ದೀಕ್ಷೆ ಪಡೆದ ಮೊದಲನೆಯ ಸ್ತ್ರೀ ಏಷ್ಯದವಳು ಎಂಬುದು ಗಮನಾರ್ಹ. ಇಂಗ್ಲೆಂಡಿನ ಸಭೆ ತನ್ನ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟದ್ದು 1994ರಲ್ಲಿ. ನಮ್ಮ ಮಂಗಳೂರು, ಧಾರವಾಡ, ಬಳ್ಳಾರಿ, ಬೆಂಗಳೂರುಗಳ ಹಳೆಯ ಮಿಷನ್ ಸಭೆಗಳು ಇಂದು ಸೇರಿರುವ ದಕ್ಷಿಣ ಭಾರತ ಸಭೆಯು 1970ರ ದಶಕದಲ್ಲಿಯೇ ಈ ಹಾದಿಯನ್ನು ಹಿಡಿಯಿತು. 2013ರ ಸೆಪ್ಟೆಂಬರಿನಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದ ಬಿಷಪ್ಪರಾಗಿ, ಆ ಸಭೆಯ ಪ್ರಪ್ರಥಮ ಮಹಿಳಾ ಬಿಷಪ್ಪರಾದರು. ಇಂಗ್ಲೆಂಡಿನಲ್ಲಿ ಮೊದಲ ಮಹಿಳಾ ಬಿಷಪ್ ಬಂದದ್ದು ಅದಾದ ಮೇಲೆ, 2015ರಲ್ಲಿ. ಕಥೋಲಿಕ ಸಭೆಯಲ್ಲಿ, ಗುರುದೀಕ್ಷೆಯನ್ನು ಸ್ತ್ರೀಯರಿಗೆ ಕೊಡುವ ಅಧಿಕಾರ ಸಭೆಗೇ ಇಲ್ಲವೆಂದು ಪೋಪ್ ಎರಡನೆಯ ಜಾನ್ ಪಾಲರು 1994ರಲ್ಲಿ ನಿರ್ಣಯವಿತ್ತರು. ಆದರೂ 2021ರಲ್ಲಿ ವಾಚಕಸೇವೆ ಮತ್ತು ಪೀಠಸೇವೆಗಳ ವಿಧ್ಯುಕ್ತ ಪದವಿಗಳು ಸ್ತ್ರೀಯರಿಗೆ ತೆರೆದವು. 2023ರ ಮಹಾಸಿನೊಡಿನಲ್ಲಿ ಮೊದಲ ಬಾರಿಗೆ ಸ್ತ್ರೀಯರು ಮತವಿತ್ತರು. ಭಾರತದ ಕಥೋಲಿಕ ಬಿಷಪ್ಪರು 2010ರಷ್ಟು ಹಿಂದೆಯೇ ಲಿಂಗಸಮಾನತೆಯ ನೀತಿಯೊಂದನ್ನು ಪ್ರಕಟಿಸಿದ್ದಾರೆ. ಅದನ್ನು ಪ್ರತಿಯೊಂದು ಇಗರ್ಜಿಯ ಪಾಲನಾ ಮಂಡಳಿಯೂ ಒಮ್ಮೆ ಓದಿಸಿ ಕೇಳಿದರೆ ಎಷ್ಟೋ ಒಳಿತಾದೀತು.

ದೀಕ್ಷೆಯಿಂದ ಎಲ್ಲವೂ ಸರಿಹೋಗುವುದೆಂದು ನಾನು ನಂಬಿದವನಲ್ಲ. ಸಭೆಯ ಸ್ತ್ರೀಯರೆಲ್ಲರ ಪಾಡೂ ಒಂದೇ ಅಲ್ಲ. ಅಮೆರಿಕದ ಕರಿಯ ಜನಾಂಗದ ಡೆಲೊರೆಸ್ ವಿಲಿಯಮ್ಸ್ ಎಂಬ ದೈವಶಾಸ್ತ್ರಜ್ಞೆ 1993ರಲ್ಲಿ ಬರೆದ ಗ್ರಂಥದಲ್ಲಿ, ಅಬ್ರಹಾಮನ ಮನೆಯ ದಾಸಿ ಹಾಗರಳ ಕಥೆಯನ್ನು ದಾಸಿಯ ಕಡೆಯಿಂದ ಓದಿದರು. ಸಾರಳೂ ಹೆಣ್ಣು, ಹಾಗರಳೂ ಹೆಣ್ಣು. ಆದರೆ ಒಬ್ಬಳು ಒಡತಿ, ಇನ್ನೊಬ್ಬಳು ಮರುಭೂಮಿಗೆ ಅಟ್ಟಲ್ಪಟ್ಟವಳು. ಆ ಮರುಭೂಮಿಯಲ್ಲಿ ದೇವರನ್ನು ಕಂಡು, ದೇವರಿಗೆ ತಾನೇ ಒಂದು ಹೆಸರನ್ನಿಟ್ಟವಳು ದಾಸಿಯೇ. ನಮ್ಮ ದೇಶದ ದಲಿತ ಕ್ರೈಸ್ತ ಸ್ತ್ರೀಯರು, ಜಾತಿಯ ಹೊರೆಯನ್ನೂ ಬಡತನದ ಹೊರೆಯನ್ನೂ ಹೆಣ್ಣುತನದ ಹೊರೆಯನ್ನೂ ಒಟ್ಟಿಗೆ ಹೊತ್ತವರು, ಈ ಕಥೆಯಲ್ಲಿ ತಮ್ಮದೇ ಕಥೆಯನ್ನು ಕಾಣುವುದು ಸಹಜವಾಗಿದೆ. ಬೀದರಿನ ಕಡೆಯ ಹಳ್ಳಿಯ ಪ್ರಾರ್ಥನಾಕೂಟದಲ್ಲಿ ಕೂಲಿಯಿಂದ ಮರಳಿ ಬಂದು ಕುಳಿತ ಹೆಂಗಸಿಗೆ ಹಾಗರಳ ಅಧ್ಯಾಯವನ್ನು ಓದಿಕೊಟ್ಟು, ನಿನಗೇನು ತೋರುತ್ತದೆ ತಾಯಿ ಎಂದು ಕೇಳಿದರೆ ಬರುವ ಅರ್ಥವು ಯಾವ ಭಾಷ್ಯಕ್ಕೂ ಕಡಮೆಯಾಗದು. ನಾವು ಕೇಳುವುದೇ ವಿರಳ.

ರಮಾಬಾಯಿಯವರ ಕಥೆಯ ಉತ್ತರಭಾಗವು ಇಲ್ಲಿಯೇ ಪ್ರಸ್ತುತವಾಗುತ್ತದೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಶಾರದಾ ಸದನವನ್ನು ತೆರೆದು, ಅನಂತರ ಅದನ್ನು ಪುಣೆಗೆ ಸಾಗಿಸಿ, ವಿದ್ಯಾರ್ಥಿನಿಯರು ಕ್ರೈಸ್ತಮತದ ಕಡೆಗೆ ಸೆಳೆಯಲ್ಪಡುತ್ತಿದ್ದಾರೆಂಬ ವಿವಾದದಲ್ಲಿ 1893ರ ಸುಮಾರಿಗೆ ರಾನಡೆ, ಭಾಂಡಾರಕರರಂಥ ಹಿತೈಷಿಗಳ ಬೆಂಬಲವನ್ನೂ ಕಳೆದುಕೊಂಡು, ಕಡೆಗೆ ಪುಣೆಯ ಹೊರಗಿನ ಕೇಡಗಾವಿನ ಬಯಲಿನಲ್ಲಿ ಮುಕ್ತಿ ಎಂಬ ನೆಲೆಯನ್ನು ಅವರು ಕಟ್ಟಿದರು. ಆ ವಿವಾದದಲ್ಲಿ ಹಿತೈಷಿಗಳಿಗಾದ ನೋವೂ ಸುಳ್ಳಲ್ಲ. 1896ರಿಂದಾಚೆಗಿನ ಕ್ಷಾಮಗಳಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳು ಅಲ್ಲಿಗೆ ಬಂದರು. ಮುಂದೆ ನಮ್ಮ ಗುಲ್ಬರ್ಗದಲ್ಲಿಯೂ, ಮಗಳು ಮನೋರಮೆಯ ನೇತೃತ್ವದಲ್ಲಿ, ಒಂದು ವಿದ್ಯಾಶಾಲೆ ಹುಟ್ಟಿತು.

ಕೇಡಗಾವಿನಲ್ಲಿ ನಡೆದ ಇನ್ನೊಂದು ಕಾರ್ಯವನ್ನು ಇತಿಹಾಸಕಾರರು ಒಂದು ಸಾಲಿನಲ್ಲಿ ದಾಟಿಹೋಗುವುದುಂಟು. ನನಗೆ ಅದೇ ಅವರ ಜೀವನದ ಶಿಖರ. ಇದ್ದ ಮರಾಠಿ ಬೈಬಲು ಹಳ್ಳಿಯ ಹೆಂಗಸರಿಗೆ ಎಟುಕುವಂತಿಲ್ಲವೆಂದು ಕಂಡು, ನಡುವಯಸ್ಸು ದಾಟಿದ ಮೇಲೆ ಹೀಬ್ರೂ ಗ್ರೀಕ್ ಭಾಷೆಗಳನ್ನು ವ್ಯಾಸಂಗಮಾಡಿ, ಮೂಲದಿಂದಲೇ ಸಮಗ್ರ ಗ್ರಂಥವನ್ನು ಸರಳವಾದ ಮರಾಠಿಗೆ ಅವರು ಭಾಷಾಂತರಿಸಿದರು. ಮುಕ್ತಿಯ ಮುದ್ರಣಾಲಯದಲ್ಲಿ ಮೊಳೆಗಳನ್ನು ಜೋಡಿಸಿದವರು, ಕರಡು ತಿದ್ದಿದವರು, ಹಾಳೆಗಳನ್ನು ಮಡಿಸಿ ಹೊಲಿದವರು ಎಲ್ಲರೂ ಅಲ್ಲಿಯ ಹೆಂಗಸರೇ. ಒಂದು ಕಾಲಕ್ಕೆ ಅಕ್ಷರದ ಗಂಧವೇ ಇಲ್ಲದಿದ್ದ, ಕ್ಷಾಮದ ಬಾಯಿಂದ ಪಾರಾಗಿ ಬಂದ ವಿಧವೆಯೊಬ್ಬಳು ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಆದಿಕಾಂಡದ ಮೊದಲನೆಯ ವಚನವನ್ನು ಬೆರಳ ತುದಿಯಿಂದ ಕಟ್ಟುತ್ತಿದ್ದಳೆಂಬುದನ್ನು ಭಾವಿಸಿ ನೋಡಿರಿ. 1921ರಲ್ಲಿ ಮನೋರಮೆ ತೀರಿಕೊಂಡರು. ಆ ಶೋಕದಲ್ಲಿಯೂ ಕೆಲಸವನ್ನು ಬಿಡದೆ, ಕೊನೆಯ ಪುಟಗಳವರೆಗೆ ನೋಡಿಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ದಿವಂಗತರಾದರು. ಗ್ರಂಥವು 1924ರಲ್ಲಿ ಬೆಳಕು ಕಂಡಿತು. ಗಂಡಸರಿಗೆ ಭಾಷಾಪಾಠವನ್ನು ಹೇಳಬಾರದೆಂದು ಬಿಷಪ್ಪರು ತಡೆದ ಆ ಹೆಂಗಸನ್ನು ಇಂಗ್ಲೆಂಡಿನ ಸಭೆಯು ಇಂದು ತನ್ನ ಪಂಚಾಂಗದಲ್ಲಿ ಪ್ರತಿವರ್ಷ ಏಪ್ರಿಲ್ 30ರಂದು, ಪವಿತ್ರಗ್ರಂಥಗಳ ಭಾಷಾಂತರಕಾರ್ತಿಯೆಂದು ಸ್ಮರಿಸುತ್ತಿದೆ.

ಆದುದರಿಂದ ಈ ಉಪನ್ಯಾಸದ ದತ್ತಿಯನ್ನು ನೆಲೆಗೊಳಿಸಿದ ಮನೆತನದ ಹಿರಿಯರಲ್ಲಿಯೂ, ಇಲ್ಲಿ ನೆರೆದಿರುವ ಸಭೆಗಳ ಆಡಳಿತಗಾರರಲ್ಲಿಯೂ ನನ್ನದೊಂದು ಬಿನ್ನಹವುಂಟು. ನಮ್ಮ ಸ್ತ್ರೀಯರ ಅನ್ಯೋನ್ಯ ಕೂಟಗಳು ಪ್ರಾರ್ಥನೆಗೂ ಗಾಯನಕ್ಕೂ ಸುಗ್ಗಿಯ ಹಬ್ಬದ ಅಡಿಗೆಗೂ ಹೆಗಲುಕೊಟ್ಟು ಸಭೆಯನ್ನು ಎತ್ತಿ ನಿಲ್ಲಿಸಿವೆ. ಅವರ ಹೆಣ್ಣುಮಕ್ಕಳಲ್ಲಿ ಆಸಕ್ತಿಯೂ ಮೇಧೆಯೂ ಉಳ್ಳವರನ್ನು ಆರಿಸಿ, ಕನ್ನಡದ ಮೂಲಕವೇ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿಸುವುದಕ್ಕೆ ಒಂದು ವಿದ್ಯಾರ್ಥಿವೇತನವನ್ನು ಏರ್ಪಡಿಸಿರಿ. ಮಂಗಳೂರಿನ ಬಲ್ಮಠದಲ್ಲಿಯೂ ಬೆಂಗಳೂರಿನಲ್ಲಿಯೂ ಅದಕ್ಕೆ ತಕ್ಕ ವಿದ್ಯಾಲಯಗಳಿವೆ. ಕನ್ನಡ ಸತ್ಯವೇದದ ಪರಿಷ್ಕರಣಕ್ಕೆ ಮುಂದೆ ಎಂದು ಸಮಿತಿ ಕೂಡಿದರೂ ಆ ಮೇಜಿನ ಸುತ್ತ ಕುಳಿತವರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರುವಂತೆ ಈಗಲೇ ಕೆಲಸ ಆರಂಭವಾಗಲಿ. ಈ ವರ್ಷದ ದತ್ತಿಯ ಹಣದಿಂದಲೇ ಮೊದಲನೆಯ ವಿದ್ಯಾರ್ಥಿನಿಯನ್ನು ಕಳುಹಿಸುವುದಾದರೆ, ಈ ಉಪನ್ಯಾಸಕ್ಕೆ ನನಗೆ ಸಲ್ಲಬೇಕಾದ ಸಂಭಾವನೆಯನ್ನು ಆ ನಿಧಿಗೆ ಸೇರಿಸಿಕೊಳ್ಳಬೇಕೆಂದು ಬೇಡುತ್ತೇನೆ.